ರನ್ ರನ್ ಶಾ ನೆನಪಿಗೆ ಎರಡು ದಿನದ ಪ್ರದರ್ಶನ: ಯಾವ ನಾಲ್ಕು ಕುಂಗ್ ಫೂ ಚಿತ್ರ ಹಾಕಬಹುದು?

ಹಾಂಗ್‌ಕಾಂಗಿನ ಶಾ ಬ್ರದರ್ಸ್ ಸ್ಟುಡಿಯೋ ನಡೆಸಿದ ನಿರ್ಮಾಪಕ ರನ್ ರನ್ ಶಾ ನೆನಪಿಗೆ ನಿಮ್ಮ ಫಿಲಂ ಸೊಸೈಟಿಯವರು ಕೇಳಿದ್ದು ಇಷ್ಟು: ಎರಡು ದಿನ, ಬಾಡಿಗೆ ಪ್ರೊಜೆಕ್ಟರ್, ಯಾವ ನಾಲ್ಕು ಕುಂಗ್ ಫೂ ಚಿತ್ರ, ಇಂಗ್ಲಿಷ್ ಡಬ್ ಆದರೆ ಜನಕ್ಕೆ ಸುಲಭ ಅಲ್ಲವೇ? ಕೆಲವು ವರ್ಷದ ಹಿಂದೆ ನಾವು ಹಾಕಿಕೊಂಡಿದ್ದ ಪಟ್ಟಿಯೂ ಇದೇ. ಯಾವ ನಾಲ್ಕು ಅನ್ನೋದು ಆಮೇಲೆ. ನಾವು ಎಲ್ಲಿ ಕೆಟ್ಟೆವು ಅಂತ ಮೊದಲು ಕೇಳಿ.

‘ದಿ 36ತ್ ಚೇಂಬರ್ ಆಫ್ ಶಾವೊಲಿನ್’ (1978) ಚಿತ್ರದ ಎರಡು ಡಿಸ್ಕ್ ಕೈಗೆ ಬಂದಿದ್ದವು. ಒಂದರ ಮೇಲೆ ‘ವೈಡ್‌ಸ್ಕ್ರೀನ್’ ಅಂತಿತ್ತು, ಇನ್ನೊಂದರ ಮೇಲೆ ‘ಫುಲ್ ಸ್ಕ್ರೀನ್’. ನಾನು ಎರಡನೆಯದನ್ನು ಆರಿಸಿದೆ. ನಮ್ಮ ಪರದೆಯ ಅಗಲ ಬರೀ 12 ಅಡಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟರೆ ಹಿಂದಿನ ಸಾಲಿನವರಿಗೆ ಏನು ಕಂಡೀತು, ಪರದೆ ತುಂಬ ಬರಲಿ ಅನ್ನೋದು ನನ್ನ ಲೆಕ್ಕ. ಹೆಸರಲ್ಲೇ ‘ಫುಲ್’ ಇದೆಯಲ್ಲ!

ಅಲ್ಲಿ ತುಂಬುವುದು ಹಳೇ ಟಿವಿಯ ಪರದೆ. ಚಿತ್ರ ಪೂರ್ತಿ ಇರುತ್ತೆ ಅಂತ ಅರ್ಥವಲ್ಲ. ಶಾ ಬ್ರದರ್ಸ್‌ನವರು 60ರ ದಶಕದಿಂದ ಬಹುಪಾಲು ಚಿತ್ರಗಳನ್ನು ‘ಶಾಸ್ಕೋಪ್’ ಅಂತ ತಾವೇ ಹೆಸರಿಟ್ಟುಕೊಂಡ ವಿಧಾನದಲ್ಲಿ ತೆಗೆದರು. ಕ್ಯಾಮೆರಾದ ಲೆನ್ಸು ದೃಶ್ಯವನ್ನು ಅಡ್ಡಡ್ಡ ಅರ್ಧಕ್ಕೆ ಹಿಂಡಿ 35 ಎಂಎಂ ಫಿಲಂ ಮೇಲೆ ಕೂರಿಸುತ್ತೆ, ಪ್ರೊಜೆಕ್ಟರ್‌ನ ಲೆನ್ಸು ಅದನ್ನು ಮತ್ತೆ ಅಗಲಿಸುತ್ತೆ. ಪರದೆ ಮೇಲೆ ಬರುವ ಅಳತೆ ಎತ್ತರ 1 ಇದ್ದರೆ ಅಗಲ 2.35. ಹಳೇ ಟಿವಿಯ ಅಗಲ 1.33. ಭಾಗಿಸಿ ನೋಡಿ: ನೂರರಲ್ಲಿ 57 ಉಳಿಯುತ್ತೆ, 43 ಕಸದಬುಟ್ಟಿಗೆ. ಪ್ರತಿ ಶಾಟ್‌ನಲ್ಲೂ ಯಾವ 57 ಉಳಿಸಬೇಕು ಅಂತ ತೀರ್ಮಾನಿಸೋದು ಲ್ಯಾಬಿನಲ್ಲೋ ಟಿವಿ ಸಂಸ್ಥೆಯಲ್ಲೋ ಕೂತ ಒಬ್ಬ ತಂತ್ರಜ್ಞ. ನಿರ್ದೇಶಕ ಲಾವ್ ಕರ್-ಲ್ಯುಂಗ್ ಅಲ್ಲ.

ಈ ಚಿತ್ರದಲ್ಲಿ ಅದು ಎಷ್ಟು ದುಬಾರಿ ಅಂದರೆ, ಸಾನ್ ತೇ ಪಾತ್ರದ ಗೋರ್ಡನ್ ಲಿಯು ನೀರು ಹೊರುವ ದೃಶ್ಯ ತಗೊಳ್ಳಿ. ಎರಡೂ ಕೈಯನ್ನು ಅಕ್ಕಪಕ್ಕಕ್ಕೆ ನೆಟ್ಟಗೆ ಚಾಚಿ, ತಲಾ ಒಂದು ಬಕೆಟ್ ಹಿಡಿದು ಹತ್ತಬೇಕು. ತೋಳಿಗೆ ಚೂರಿ ಕಟ್ಟಿರುತ್ತಾರೆ, ಕೈ ಇಳಿಬಿಟ್ಟರೆ ಪಕ್ಕೆಗೆ ಚುಚ್ಚುತ್ತೆ. ಇಡೀ ದೃಶ್ಯದ ಅರ್ಥ ಇರೋದೇ ಆ ಚಾಚಿದ ಕೈಗಳಲ್ಲಿ, ತುದಿಯ ತೂಕದಲ್ಲಿ. ನಮ್ಮ ಪ್ರತಿಯಲ್ಲಿ ಕಂಡಿದ್ದು ಒಂದು ಬೋಳುತಲೆ, ಒಂದು ಎದೆ, ಬೆವರುವ ಮುಖ. ಬಕೆಟ್ ಎರಡೂ ಚೌಕಟ್ಟಿನಿಂದ ಆಚೆ. ಈ ಮನುಷ್ಯ ಸುಮ್ಮನೆ ಮೆಟ್ಟಿಲು ಹತ್ತೋದಕ್ಕೆ ಯಾಕಿಷ್ಟು ಒದ್ದಾಡುತ್ತಿದ್ದಾನೆ ಅಂತ ಸಭಾಂಗಣದಲ್ಲಿ ನಗು ಶುರುವಾಯಿತು. ಪಕ್ಕದಲ್ಲಿ ಖಾಲಿ ಉಳಿದಿದ್ದು ನೋಡಿ ಆಪರೇಟರ್ ಚಿತ್ರವನ್ನು 16:9ಕ್ಕೆ, ಅಂದರೆ ಈಗಿನ ಅಗಲ ಟಿವಿಯ ಅಳತೆಗೆ, ಎಳೆದುಬಿಟ್ಟ. ಎಲ್ಲರೂ ಮೂರರಲ್ಲೊಂದು ಪಾಲು ದಪ್ಪಗಾದರು. ಇಂಟರ್‌ವಲ್ ಆದ ಮೇಲೆ ಅರ್ಧ ಕುರ್ಚಿ ಖಾಲಿ. ಎರಡನೇ ದಿನ ಹಾಲ್ ಬಾಡಿಗೆಯೂ ಹುಟ್ಟಲಿಲ್ಲ.

ಆಮೇಲೆ ಮಾಡಿದ, ಮೊದಲೇ ಮಾಡಬೇಕಿದ್ದ ಲೆಕ್ಕ ಇದು. 12 ಅಡಿ ಅಗಲದ 16:9 ಪರದೆಯ ಎತ್ತರ 6 ಅಡಿ 9 ಅಂಗುಲ. ಅದರಲ್ಲಿ ಟಿವಿ ಅಳತೆಯ ಚಿತ್ರ 9 ಅಡಿ ಅಗಲ ಬರುತ್ತೆ, ಸುಮಾರು 61 ಚದರಡಿ. ಪೂರ್ತಿ 2.35 ಚಿತ್ರ 12 ಅಡಿ ಅಗಲ, 5.1 ಅಡಿ ಎತ್ತರ. ಅದೂ 61 ಚದರಡಿಯೇ! ಮೇಲೆ ಕೆಳಗೆ ಕಪ್ಪು ಹೋಗೋದು ತಲಾ 10 ಅಂಗುಲ. ಅಂದರೆ ನಾನು ಉಳಿಸಿದ ಜಾಗ ಸೊನ್ನೆ, ಕಳೆದಿದ್ದು ಅರ್ಧದ ಹತ್ತಿರ ಚಿತ್ರ.

ಕತ್ತರಿಸಿದ ಪ್ರತಿಯನ್ನು ಐದು ನಿಮಿಷದಲ್ಲಿ ಗುರುತಿಸಬಹುದು, ಕವರ್ ನಂಬಬೇಡಿ. ಟೈಟಲ್ ಬರುವಾಗ ಜನ ಉದ್ದುದ್ದ, ತೆಳ್ಳಗೆ ಕಂಡು, ಟೈಟಲ್ ಮುಗಿದ ತಕ್ಷಣ ಸರಿಹೋದರೆ ಅದು ಕತ್ತರಿಸಿದ ಪ್ರತಿ; ಹೆಸರುಗಳು ತುಂಡಾಗದಿರಲಿ ಅಂತ ಅಷ್ಟು ಭಾಗ ಮಾತ್ರ ಹಿಂಡಿ ಹಾಕಿರುತ್ತಾರೆ. ಫಿಲಂ ಮೇಲೇ ಅಚ್ಚಾದ ಚೀನೀ, ಇಂಗ್ಲಿಷ್ ಸಬ್‌ಟೈಟಲ್ ಇದ್ದರೆ ಸಾಲಿನ ಮೊದಲ ಮತ್ತು ಕೊನೆಯ ಅಕ್ಷರ ಇವೆಯೇ ನೋಡಿ. ಇಬ್ಬರು ಎದುರುಬದುರು ಮಾತಾಡುವ ಕಡೆ ಎರಡು ಮೂಗು, ಮಧ್ಯೆ ಒಂದು ಹೂದಾನಿ ಕಂಡರೆ ಮುಂದೆ ನೋಡೋದೇ ಬೇಡ. ಆದರೆ ಕ್ಯಾಮೆರಾ ಪಕ್ಕಕ್ಕೆ ಹೊರಳಿದಾಗ ಅಂಚಿನ ಕಂಬಗಳು ಬಾಗಿದ ಹಾಗೆ ಕಂಡರೆ ಗಾಬರಿ ಬೇಡ, ಅದು ಆ ಕಾಲದ ಲೆನ್ಸಿನ ಗುಣ, ಡಿಸ್ಕ್ ಕೆಟ್ಟಿಲ್ಲ.

ಇಂಥ ಪ್ರತಿಗಳೇ ಯಾಕೆ ಊರು ತುಂಬ ಅಂದರೆ, ಅದಕ್ಕೆ ಶಾ ಅವರೇ ಕಾರಣ. ಚಿತ್ರ ತೆಗೆದರು, ಗಳಿಸಿದರು, ಆಮೇಲೆ ನೆಗೆಟಿವ್‌ಗಳನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕಿದರು. ವಿಡಿಯೋ ಕ್ಯಾಸೆಟ್ ಕಾಲ ಪೂರ್ತಿ ಅಧಿಕೃತ ಪ್ರತಿ ಸಿಗುತ್ತಿದ್ದದ್ದು ಅಪರೂಪ. ಜಗತ್ತಿಗೆ ಶಾ ಬ್ರದರ್ಸ್ ಪರಿಚಯ ಆಗಿದ್ದು ಟಿವಿಗೆ ಕತ್ತರಿಸಿ ಇಂಗ್ಲಿಷ್ ಡಬ್ ಮಾಡಿದ ಪ್ರತಿಗಳು, ಅವುಗಳ ಕಳ್ಳ ಕ್ಯಾಸೆಟ್‌ಗಳಿಂದ. 2000ರಲ್ಲಿ ಸೆಲೆಸ್ಟಿಯಲ್ ಪಿಕ್ಚರ್ಸ್ 760ರಷ್ಟು ಚಿತ್ರಗಳ ಸಂಗ್ರಹ ಕೊಂಡು, 2002ರಿಂದ ಶುದ್ಧಗೊಳಿಸಿದ ಡಿವಿಡಿ ಬರತೊಡಗಿದ ಮೇಲೆಯೇ ಬಣ್ಣ, ಅಗಲ, ಸೆಟ್ಟು ಎಲ್ಲ ಸರಿಯಾಗಿ ಕಂಡಿದ್ದು. ‘ಕುಂಗ್ ಫೂ ದೊರೆ’ ಅನ್ನೋ ಬಿರುದು ಆ ಬೀಗದ ಫಲ. ಹೊರಗೆ ಸೋರಿದ್ದು ಹೊಡೆದಾಟ ಮಾತ್ರ, ಹಾಡಿನ ಚಿತ್ರಗಳನ್ನು ಯಾರೂ ಡಬ್ ಮಾಡೋ ಗೋಜಿಗೆ ಹೋಗಲಿಲ್ಲ.

ಹಾಗಾಗಿ ನಿಮ್ಮ ‘ನಾಲ್ಕು ಕುಂಗ್ ಫೂ’ಗೆ ನನ್ನ ಒಪ್ಪಿಗೆ ಇಲ್ಲ. ಹಾಕೋದಾದರೆ ಶಾ ಕಟ್ಟಿದ ಚಿತ್ರ ಕಾರ್ಖಾನೆಯನ್ನು ತೋರಿಸಿ. ರನ್ ರನ್ ಅವರ ಅಣ್ಣ ರಂಜೆ 1925ರಲ್ಲಿ ಶಾಂಘೈನಲ್ಲಿ ತಿಯಾನ್‌ಯಿ ಅನ್ನೋ ಚಿತ್ರ ಕಂಪನಿ ಕಟ್ಟಿದ. ಇನ್ನೊಬ್ಬ ಅಣ್ಣ ರನ್‌ಮಿ ಸಿಂಗಪುರಕ್ಕೆ ಹೋದ, 1907ರಲ್ಲಿ ಹುಟ್ಟಿದ ರನ್ ರನ್ ಹದಿಹರೆಯ ದಾಟುವ ಹೊತ್ತಿಗೆ ಅವನ ಹಿಂದೆ ಹೊರಟ. ಸಿಂಗಪುರದಲ್ಲಿ ಈ ಇಬ್ಬರು ಮೊದಲು ಥಿಯೇಟರ್ ಮಾಲೀಕರು, ಆಮೇಲೆ ಚಿತ್ರ ಮಾಡುವವರು. ಮಲಯಾ, ಸಿಂಗಪುರದ ಥಿಯೇಟರ್‌ಗಳಿಗೆ ವಾರ ವಾರ ಸರಕು ಬೇಕಿತ್ತು, ಅದಕ್ಕೆ ಸ್ಟುಡಿಯೋ. ಸಿಂಗಪುರದ ಜಲಾನ್ ಅಂಪಾಸ್ ರಸ್ತೆಯ ಸ್ಟುಡಿಯೋದಲ್ಲಿ ಮಲಯ್ ಭಾಷೆಯ ಚಿತ್ರ ತೆಗೆಯೋದಕ್ಕೆ ಇವರು ಕರೆಸಿಕೊಂಡವರಲ್ಲಿ ಭಾರತದ ನಿರ್ದೇಶಕರು ಬಹಳ: ಬಿ.ಎಸ್. ರಾಜಹಂಸ್, ಆಮೇಲೆ ಫಣಿ ಮಜುಂದಾರ್. ಮಲಯ್ ಚಿತ್ರರಂಗದ ದೊಡ್ಡ ಹೆಸರು ಪಿ. ರಾಮ್ಲಿ ಬೆಳೆದಿದ್ದು ಆ ಅಂಗಳದಲ್ಲೇ.

ರನ್ ರನ್ 1957ರಲ್ಲಿ ಹಾಂಗ್‌ಕಾಂಗ್‌ಗೆ ಬಂದು, ಕ್ಲಿಯರ್‌ವಾಟರ್ ಬೇ ಗುಡ್ಡದಲ್ಲಿ 46 ಎಕರೆಯಷ್ಟು ಜಾಗದಲ್ಲಿ ‘ಮೂವಿಟೌನ್’ ಕಟ್ಟಿದರು. 1961ರ ಡಿಸೆಂಬರ್‌ನಲ್ಲಿ ಉದ್ಘಾಟನೆ. ನಟನಟಿಯರು ಒಳಗಿನ ವಸತಿಗೃಹದಲ್ಲೇ ಇರಬೇಕು, ವರ್ಷಗಟ್ಟಲೆ ಕರಾರು, ತಿಂಗಳ ಸಂಬಳ. ತರಬೇತಿ ಶಾಲೆ, ಉಡುಪಿನ ಉಗ್ರಾಣ, ಕಲರ್ ಲ್ಯಾಬ್, ಡಬ್ಬಿಂಗ್ ವಿಭಾಗ, ತಾರೆಯರ ಪ್ರಚಾರಕ್ಕೆ ಸ್ವಂತ ಪತ್ರಿಕೆ, ಕೊನೆಗೆ ತೋರಿಸೋದಕ್ಕೆ ಸ್ವಂತ ಥಿಯೇಟರ್. ಟೈಟಲ್‌ಗೆ ಮುಂಚೆ ಬರುವ ‘ಎಸ್‌ಬಿ’ ಗುರಾಣಿಯೂ ವಾರ್ನರ್ ಬ್ರದರ್ಸ್ ಗುರಾಣಿಯ ತದ್ರೂಪು, ನಾಚಿಕೆ ಏನಿಲ್ಲ. ಊರಿನ ಮಾತು ಕ್ಯಾಂಟನೀಸ್, ಚಿತ್ರ ಮಾತ್ರ ಬಹುಪಾಲು ಮ್ಯಾಂಡರಿನ್. ತೈವಾನ್, ಸಿಂಗಪುರದ ಮಾರುಕಟ್ಟೆಗೆ ಅದೇ ಬೇಕಿತ್ತು. ಸೆಟ್‌ನಲ್ಲಿ ಬಹುಮಟ್ಟಿಗೆ ಧ್ವನಿ ಮುದ್ರಿಸುತ್ತಿರಲಿಲ್ಲ. ನಟರು ತಮಗೆ ಬಂದ ಭಾಷೆಯಲ್ಲಿ ಮಾತಾಡೋರು, ಆಮೇಲೆ ಬೇರೆಯವರು ಮ್ಯಾಂಡರಿನ್ ಕೂರಿಸೋರು.

ನಿಮ್ಮ ಡಬ್ಬಿಂಗ್ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ‘ಮೂಲ ಧ್ವನಿ’ ಅನ್ನೋ ವಾದ ಶಾ ಚಿತ್ರಗಳಿಗೆ ಪೂರ್ತಿ ಅನ್ವಯಿಸಲ್ಲ, ಮೂಲವೂ ಡಬ್ಬೇ. ಆದರೂ ಮ್ಯಾಂಡರಿನ್ ಜೊತೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ಇಂಗ್ಲಿಷ್ ಡಬ್ಬಿನಲ್ಲಿ ಸಂಭಾಷಣೆಯನ್ನು ತುಟಿಗೆ ಹೊಂದಿಸೋ ಆತುರದಲ್ಲಿ ಅರ್ಥವೇ ಬದಲಾಗಿರುತ್ತೆ, ಸಭೆ ತಪ್ಪು ಕಡೆ ನಗುತ್ತೆ.

ನನ್ನ ಪಟ್ಟಿ ಹೀಗಿರುತ್ತೆ. ಮೊದಲ ದಿನ ಲಿ ಹಾನ್-ಶಿಯಾಂಗ್ ಅವರ ‘ದಿ ಲವ್ ಎಟರ್ನ್’ (1963). ಹುವಾಂಗ್‌ಮೇ ಅನ್ನೋ ಹಾಡುನಾಟಕದ ಧಾಟಿ. ಗಂಡುವೇಷ ಹಾಕಿ ಓದಲು ಹೋದ ಹುಡುಗಿಯ ಕಥೆ, ಅವಳ ಸಹಪಾಠಿಯಾದ ಗಂಡಿನ ಪಾತ್ರವನ್ನೂ ಮಾಡಿದ್ದು ಐವಿ ಲಿಂಗ್ ಪೋ ಅನ್ನೋ ನಟಿ. ಗಂಡಿನ ಪಾತ್ರವನ್ನೂ ಹೆಂಗಸರೇ ಮಾಡುತ್ತಿದ್ದ ಆರ್. ನಾಗರತ್ನಮ್ಮನವರ ಸ್ತ್ರೀ ನಾಟಕ ಮಂಡಳಿ ನೋಡಿದ ಹಿರಿಯರು ನಿಮ್ಮ ಸೊಸೈಟಿಯಲ್ಲಿದ್ದರೆ ಮುಂದಿನ ಸಾಲಿನಲ್ಲಿ ಕೂರಿಸಿ. ಈ ಚಿತ್ರಕ್ಕೆ ತೈಪೆಯಲ್ಲಿ ಜನ ಮುಗಿಬಿದ್ದು ಮತ್ತೆ ಮತ್ತೆ ನೋಡಿದರು. ಶಾ ಕಟ್ಟಿದ ಮಾರುಕಟ್ಟೆ ಎಂಥದ್ದು ಅಂತ ಇದೊಂದರಲ್ಲೇ ಗೊತ್ತಾಗುತ್ತೆ. ಅದೇ ಸಂಜೆ ಕಿಂಗ್ ಹೂ ನಿರ್ದೇಶನದ ‘ಕಮ್ ಡ್ರಿಂಕ್ ವಿತ್ ಮಿ’ (1966), ಚೆಂಗ್ ಪೇ-ಪೇ ಕತ್ತಿ ಹಿಡಿಯೋದು. ಎರಡನೇ ದಿನ ಬೆಳಗ್ಗೆ ‘ಹಾಂಗ್‌ಕಾಂಗ್ ನಾಕ್ಟರ್ನ್’ (1967). ಜಪಾನಿನಿಂದ ಕರೆಸಿದ ಇನೊವೆ ಉಮೆತ್ಸುಗು ತೆಗೆದ ನಾಚ್‌ಗಾನಾ ಚಿತ್ರ. ಬೇಗ, ಅಗ್ಗವಾಗಿ, ಹೊಳಪಾಗಿ ತೆಗೆಯೋರು ಎಲ್ಲಿದ್ದರೂ ತರಿಸೋದು ಶಾ ಪದ್ಧತಿ. ಕೊನೆಗೆ ‘36ತ್ ಚೇಂಬರ್’. ಕುಂಗ್ ಫೂ ಒಂದೇ ಸಾಕು, ಅಗಲ ಸರಿಯಿದ್ದರೆ.

ಪರಿಚಯ ಭಾಷಣ ಹತ್ತು ನಿಮಿಷ ಮೀರದಿರಲಿ, ಹೊಗಳಿಕೆಯೂ ಬೇಡ. ಇದೇ ಕರಾರು ಪದ್ಧತಿ ಅವರಿಗೆ ತಿರುಗಿಬಿತ್ತು ಅನ್ನೋದನ್ನು ಹೇಳಲೇಬೇಕು: 1970ರಲ್ಲಿ ಬಲಗೈಯಂತಿದ್ದ ರೇಮಂಡ್ ಚೌ ಹೊರಬಿದ್ದು ಗೋಲ್ಡನ್ ಹಾರ್ವೆಸ್ಟ್ ಅನ್ನೋ ಎದುರಾಳಿ ಚಿತ್ರ ಕಂಪನಿ ಕಟ್ಟಿದರು, ಎಲ್ಲರಿಗೂ ಕೊಡುವ ಮಾಮೂಲಿ ಕರಾರನ್ನೇ ಬ್ರೂಸ್ ಲೀ ಮುಂದಿಟ್ಟದ್ದರಿಂದ ಆತ ಚೌ ಕಡೆ ಹೋದ. ಶಾ ಸೋಲೊಪ್ಪಿ ಕೂತವರಲ್ಲ. 1967ರಲ್ಲಿ ತಾವೂ ಸೇರಿ ಶುರುಮಾಡಿದ್ದ ಟಿವಿಬಿ ಚಾನೆಲ್‌ಗೆ 1980ರಲ್ಲಿ ಅಧ್ಯಕ್ಷರಾದರು. 80ರ ದಶಕದ ನಡುವೆ ಸಿನಿಮಾ ತಯಾರಿಕೆ ನಿಂತು ಮೂವಿಟೌನ್ ಟಿವಿ ಕೆಲಸಕ್ಕೆ ಹೋಯಿತು. ‘ಬ್ಲೇಡ್ ರನ್ನರ್’ (1982) ಟೈಟಲ್‌ನಲ್ಲಿ ಅವರ ಹೆಸರು ಹುಡುಕಿ, ಸಿಗುತ್ತೆ. ಟಿವಿಬಿ ಕುರ್ಚಿ ಬಿಟ್ಟಿದ್ದು 104ನೇ ವಯಸ್ಸಿನಲ್ಲಿ. ತೀರಿಕೊಂಡದ್ದು 2014ರ ಜನವರಿ 7ರಂದು, 106ಕ್ಕೆ. ಚೀನಾದ ಶಾಲೆ ಕಾಲೇಜುಗಳಲ್ಲಿ ಅವರ ಹೆಸರಿನ ಕಟ್ಟಡಗಳು ಸಾವಿರಾರು. ನಮ್ಮವರಿಗೆ ಹತ್ತಿರದ ಕೊಂಡಿ ಬೇಕಾದರೆ, ಅವರು 2002ರಲ್ಲಿ ಸ್ಥಾಪಿಸಿದ ಶಾ ಪ್ರಶಸ್ತಿ 2024ರಲ್ಲಿ ಖಗೋಳಶಾಸ್ತ್ರಕ್ಕೆ ಬಂದದ್ದು ಹುಬ್ಬಳ್ಳಿಯಲ್ಲಿ ಓದಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರಿಗೆ.

ಇನ್ನು ಕೆಲಸ. ಅಂಗಡಿಯಲ್ಲಿ ಕೊಂಡ ಡಿಸ್ಕ್ ಮನೆಯಲ್ಲಿ ನೋಡೋದಕ್ಕೆ ಮಾತ್ರ. ಹಾಲ್ ಬುಕ್ ಮಾಡೋ ಮೊದಲೇ ಹಕ್ಕುದಾರರಿಗೆ ಪತ್ರ ಬರೆದು ಸಾರ್ವಜನಿಕ ಪ್ರದರ್ಶನದ ಅನುಮತಿ ಕೇಳಿ, ಯಾವ ಪ್ರತಿ ಕೊಡುತ್ತಾರೆ, ಅಳತೆ ಏನು, ವೇಗ ಏನು ಅಂತ ಅದರಲ್ಲೇ ಬರೆಸಿಕೊಳ್ಳಿ. ವೇಗ ಯಾಕೆ ಅಂದರೆ, ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು 25ಕ್ಕೆ ಓಡಿಸಿದ ಪ್ರತಿಗಳಿವೆ. ಎರಡು ಗಂಟೆಯ ಚಿತ್ರ 115 ನಿಮಿಷಕ್ಕೆ ಮುಗಿಯುತ್ತೆ, ಶ್ರುತಿ ಮುಕ್ಕಾಲು ಸ್ವರಸ್ಥಾನದಷ್ಟು ಏರುತ್ತೆ. ಹೊಡೆದಾಟದಲ್ಲಿ ಗೊತ್ತಾಗಲ್ಲ, ‘ಲವ್ ಎಟರ್ನ್’ ಹಾಡಿನಲ್ಲಿ ಸಂಗೀತದ ಕಿವಿ ಇರೋರಿಗೆ ಕಿರಿಕಿರಿ ಆಗುತ್ತೆ. ಸಬ್‌ಟೈಟಲ್ ಫೈಲ್ ಬೇರೆ ವೇಗದ ಪ್ರತಿಗೆ ಮಾಡಿದ್ದಾದರೆ ಗಂಟೆಗೆ ಎರಡೂವರೆ ನಿಮಿಷ ಜಾರುತ್ತೆ. ಮೊದಲ ಸಾಲು ಹೊಂದಿಸಿದರೆ ಸಾಲದು, ಫೈಲಿನ ಫ್ರೇಮ್ ರೇಟನ್ನೇ ಬದಲಿಸಬೇಕು. ಪರೀಕ್ಷೆಗೆ ಚಿತ್ರದ ಕೊನೆಯ ಹತ್ತು ನಿಮಿಷ ಓಡಿಸಿ, ಮೊದಲ ಹತ್ತು ಅಲ್ಲ.

ಹಿಂದಿನ ದಿನ ಆಪರೇಟರ್ ಜೊತೆ ಅರ್ಧ ಗಂಟೆ ಕೂತು, ರಿಮೋಟ್‌ನಲ್ಲಿ ಆಸ್ಪೆಕ್ಟ್ ‘ಆಟೋ’ ಅಥವಾ ‘ಒರಿಜಿನಲ್’ನಲ್ಲಿಟ್ಟು, ರಿಮೋಟನ್ನು ನೀವೇ ಜೇಬಿಗೆ ಹಾಕಿಕೊಳ್ಳಿ. ಕಪ್ಪು ಪಟ್ಟಿ ಮುಚ್ಚೋಣ ಅಂತ ಯಾರಾದರೂ ಕಪ್ಪು ಬಟ್ಟೆ ತಂದರೆ ಮೇಲಿನದಕ್ಕೆ ಮಾತ್ರ ಕಟ್ಟಿಸಿ. ಕೆಳಗಿನ 10 ಅಂಗುಲದಲ್ಲೇ ಸಬ್‌ಟೈಟಲ್ ಬರಬಹುದು.