ಸೋಲಾರ್ ಇಷ್ಟೊಂದು ಬಂದ ಮೇಲೆ ಎಲ್ಲೂರಿನ ಕಲ್ಲಿದ್ದಲು ಸ್ಥಾವರ ಮುಚ್ಚಬಹುದಲ್ವಾ?

ಮಂಗಳೂರಿನಲ್ಲಿ ನಿಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಸೋಲಾರ್ ಪರ ಮಾತಾಡಬೇಕು, ‘ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವಾಗ ಉಡುಪಿ ಬಳಿಯ ಎಲ್ಲೂರಿನ 1,200 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಯಾಕೆ ಬೇಕು’ ಅಂತ ಕೇಳಿದ್ದೀರಿ. ನಾನು ಉಡುಪಿ ಕಡೆಯ ಸಬ್‌ಸ್ಟೇಷನ್‌ಗಳಲ್ಲಿ 30 ವರ್ಷ ಶಿಫ್ಟ್ ಮಾಡಿ ನಿವೃತ್ತನಾದವನು. ಈಗ ಬ್ರಹ್ಮಾವರದ ನಮ್ಮ ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಉಂಟು. ನಾನೂ ನಿಮ್ಮ ಪಕ್ಷವೇ. ಆದರೆ ಈ ಪ್ರಶ್ನೆಯನ್ನು ಹೀಗೇ ಎತ್ತಿಕೊಂಡು ವೇದಿಕೆಗೆ ಹೋದರೆ ಸೋಲುತ್ತೀರಿ. ಎದುರಿನವರು ‘ಸಂಜೆ 7 ಗಂಟೆಗೆ ಏನು ಮಾಡ್ತೀರಿ?’ ಅಂತ ಒಂದೇ ಮಾತು ಕೇಳಿದರೆ ಸಾಕು.

ಕರೆಂಟು ಮಲ್ಪೆಯ ಮೀನಿಗಿಂತ ಬೇಗ ಕೆಡುವ ಸರಕು. ಮೀನಾದರೆ ಐಸ್ ಹಾಕಿ ನಾಳೆಗೆ ಇಡಬಹುದು. ಗ್ರಿಡ್‌ನಲ್ಲಿ, ಅಂದರೆ ಸ್ಥಾವರಗಳನ್ನೂ ಮನೆಗಳನ್ನೂ ಜೋಡಿಸುವ ತಂತಿಜಾಲದಲ್ಲಿ, ಈ ಕ್ಷಣಕ್ಕೆ ಬೇಕಾದಷ್ಟು ಈ ಕ್ಷಣವೇ ತಯಾರಾಗಬೇಕು. ಜಾಸ್ತಿಯೂ ಆಗಬಾರದು, ಕಡಿಮೆಯೂ ಆಗಬಾರದು. ನಮ್ಮ ಕಂಟ್ರೋಲ್ ರೂಮಿನಲ್ಲಿ ಇದಕ್ಕೊಂದು ಮೀಟರ್ ಇತ್ತು, ಫ್ರೀಕ್ವೆನ್ಸಿ ಮೀಟರ್. ಮುಳ್ಳು 50 ಹರ್ಟ್ಸ್ ಹತ್ತಿರ ಇರಬೇಕು; ತಯಾರಾಗುವುದಕ್ಕಿಂತ ಬಳಕೆ ಜಾಸ್ತಿಯಾದರೆ ಕೆಳಗೆ ಇಳಿಯುತ್ತದೆ. ತೊಂಬತ್ತರ ದಶಕದ ಬೇಸಗೆ ಸಂಜೆಗಳಲ್ಲಿ ಅದು 49 ದಾಟಿ 48.5ರ ಕಡೆ ಜಾರುತ್ತಿತ್ತು. ಫೋನ್ ಬರುತ್ತಿತ್ತು: ‘ಲೋಡ್ ತೆಗೀರಿ.’ ನಾವು ಊರುಗಳಿಗೆ ಕರೆಂಟ್ ಒಯ್ಯುವ 11 ಕೆವಿ ಲೈನ್, ಅಂದರೆ ಫೀಡರ್, ಒಂದೊಂದೇ ಆಫ್ ಮಾಡುತ್ತಿದ್ದೆವು. ಬ್ರೇಕರ್ ಧಡ್ ಅಂತ ಬಿದ್ದ ಕೂಡಲೇ ಕಿಟಕಿಯಾಚೆ ಒಂದು ಊರೇ ಕತ್ತಲೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ದಿನಗಳಲ್ಲಿ ಆ ಸ್ವಿಚ್ ತಿರುಗಿಸುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಲೈನ್ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್‌ಗೆ ಸೇರಿತು. ಈಗ ಮುಳ್ಳು ಅಷ್ಟು ಕುಣಿಯುವುದಿಲ್ಲ. ಆದರೆ ನಿಯಮ ಬದಲಾಗಿಲ್ಲ: ಆ ಹೊತ್ತಿನದು ಆ ಹೊತ್ತಿಗೇ.

ಈಗ ನಮ್ಮ ಮನೆಯ ಮಾಡಿನ ಮೇಲಿನ ಸೋಲಾರ್ ಲೆಕ್ಕ. ಇನ್ವರ್ಟರ್ ನೋಡಿ ಪ್ರತಿದಿನ ಒಂದು ಪುಸ್ತಕದಲ್ಲಿ ಬರೆಯುತ್ತೇನೆ, ಹಳೆಯ ಲಾಗ್‌ಬುಕ್ ಅಭ್ಯಾಸ. ಮಾರ್ಚ್‌ನಲ್ಲಿ ದಿನಕ್ಕೆ 13, 14 ಯೂನಿಟ್. ಜುಲೈಯಲ್ಲಿ ಜಡಿಮಳೆ ಹಿಡಿದ ಒಂದು ವಾರ 3 ಯೂನಿಟ್ ದಾಟಿದ್ದೇ ಇಲ್ಲ. ಸಂಜೆ 7 ಗಂಟೆಗೆ ಮಾರ್ಚ್ ಆದರೂ ಒಂದೇ, ಜುಲೈ ಆದರೂ ಒಂದೇ, ಸೊನ್ನೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ತುಂಬಾ ಜನ ಕೇಳುತ್ತಾರೆ. ಕರೆಂಟ್ ಹೋದಾಗ ಪಕ್ಕದ ಮನೆಯವರು ‘ನಿಮಗೆ ಸೋಲಾರ್ ಉಂಟಲ್ಲ, ಲೈಟ್ ಯಾಕಿಲ್ಲ?’ ಅಂತ ಬರುತ್ತಾರೆ. ಬ್ಯಾಟರಿ ಇಲ್ಲದೆ ನೇರ ಲೈನ್‌ಗೆ ಜೋಡಿಸಿದ (ಆನ್‌ಗ್ರಿಡ್) ಸೋಲಾರ್, ಲೈನ್ ಸತ್ತ ಕೂಡಲೇ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು. ಇಲ್ಲವಾದರೆ ನಮ್ಮ ಮನೆಯ ಕರೆಂಟು ಹಿಂದಕ್ಕೆ ಹರಿದು, ಕಂಬ ಹತ್ತಿದ ಲೈನ್‌ಮ್ಯಾನ್‌ನ ಜೀವ ಹೋದೀತು.

ಹಾಗಾದರೆ ಮಳೆಗಾಲದಲ್ಲಿ ಸೋಲಾರ್ ಕೈಕೊಟ್ಟರೆ ಕಲ್ಲಿದ್ದಲೇ ಗತಿಯಾ? ಅಲ್ಲ. ನಮ್ಮ ಮಾಡಿನ ಮೇಲೆ ಮಳೆ ಸುರಿಸುವ ಅದೇ ಮಾರುತ ಘಟ್ಟ ದಾಟಿ ಗದಗ, ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ತಿರುಗಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಕರೆಂಟಿನ ಸುಗ್ಗಿ. ಅದೇ ಹೊತ್ತಿಗೆ ಜಲಾಶಯಗಳೂ ತುಂಬುತ್ತವೆ. ಮಳೆ ಚೆನ್ನಾಗಿ ಬಂದ ವರ್ಷ ರಾಯಚೂರಿನ ಉಷ್ಣ ಸ್ಥಾವರದ ಯೂನಿಟ್‌ಗಳನ್ನು ಆ ತಿಂಗಳುಗಳಲ್ಲಿ ನಿಲ್ಲಿಸಿ ಇಡುವುದೂ ಉಂಟು. ಇದನ್ನು ಚರ್ಚೆಯಲ್ಲಿ ಮರೆಯದೆ ಹೇಳಿ.

ಕಲ್ಲಿದ್ದಲಿನ ಪರ ಇರುವ ನಿಜವನ್ನೂ ಒಪ್ಪಿಕೊಳ್ಳಿ. ರಾತ್ರಿ, ಹಗಲು, ಮಳೆ, ಬಿಸಿಲು ಅಂತಿಲ್ಲದೆ ಅದು ಓಡುತ್ತದೆ. ಆದರೆ ಹೇಳಿದ ಹಾಗೆ ಬಗ್ಗುವುದಿಲ್ಲ. ತಣ್ಣಗಾದ ಬಾಯ್ಲರ್ ಮತ್ತೆ ಬಿಸಿಯಾಗಿ ಕರೆಂಟ್ ಕೊಡಲು ಹಲವು ಗಂಟೆ ಬೇಕು. ಓಡುವಾಗಲೂ ಸಾಮಾನ್ಯವಾಗಿ ಶೇ 55ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಹಾಗಾಗಿ ಸಂಜೆಗೆ ಬೇಕು ಅಂತ ಇಟ್ಟುಕೊಂಡರೆ, ಬಿಸಿಲು ಧಾರಾಳ ಇರುವ ಮಧ್ಯಾಹ್ನವೂ ಸುಮ್ನೆ ಕಲ್ಲಿದ್ದಲು ಸುಡಬೇಕು. ಒಂದು ಯೂನಿಟ್‌ಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ಎಲ್ಲೂರಿಗೆ ಬರುವುದು ಹೊರದೇಶದ ಕಲ್ಲಿದ್ದಲು, ಪಣಂಬೂರಿನ ಬಂದರಿಗೆ ಹಡಗಿನಲ್ಲಿ ಬಂದು ಅಲ್ಲಿಂದ ರೈಲಿನಲ್ಲಿ. 2022ರ ಜನವರಿಯಲ್ಲಿ ಇಂಡೋನೇಷ್ಯಾ ರಫ್ತು ನಿಲ್ಲಿಸಿತು, ಮುಂದಿನ ತಿಂಗಳು ಉಕ್ರೇನ್ ಯುದ್ಧ ಶುರುವಾಯಿತು, ಬೆಲೆ ಏರಿತು. ಬಿಸಿಲಿಗೆ ಆ ಭಯ ಇಲ್ಲ.

ಸಂಜೆ 7ರ ಪ್ರಶ್ನೆಗೆ ನನ್ನ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಹೊಸಂಗಡಿಯ ವಾರಾಹಿ. ಘಟ್ಟದ ಮೇಲೆ ಮಾಣಿ ಜಲಾಶಯ, ಕೆಳಗೆ ನೆಲದೊಳಗೆ ಪವರ್‌ಹೌಸ್, 115 ಮೆಗಾವ್ಯಾಟ್‌ನ ನಾಲ್ಕು ಯಂತ್ರ, ಒಟ್ಟು 460. ನೀರು ಬಿಟ್ಟರೆ ಕೆಲವೇ ನಿಮಿಷದಲ್ಲಿ ಕರೆಂಟು. ಬೇಡವಾದರೆ ಅಷ್ಟೇ ಬೇಗ ನಿಲ್ಲಿಸಬಹುದು. ಶರಾವತಿಯ 1,035 ಮೆಗಾವ್ಯಾಟ್ ಕೂಡ ಹೀಗೇ. ಹಗಲು ಪಾವಗಡದ ಬಿಸಿಲಿನಿಂದ ಓಡಿದರೆ, ಆ ಹೊತ್ತು ಉಳಿಸಿದ ನೀರು ಸಂಜೆಗೆ ಸಿಗುತ್ತದೆ. ಅಂದರೆ ಸೋಲಾರ್ ಬಂದಷ್ಟೂ ವಾರಾಹಿಯ ಬೆಲೆ ಜಾಸ್ತಿಯಾಗುತ್ತದೆ. ಮೀನಿಗೆ ಐಸ್ ಸಿಕ್ಕಿದ ಹಾಗೆ.

ಇದನ್ನೇ ಇನ್ನೂ ದೊಡ್ಡದು ಮಾಡಲು ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಮುಂದಿಟ್ಟಿದ್ದಾರೆ. ಹಗಲು ಕೆಳಗಿನ ಗೇರುಸೊಪ್ಪ ಜಲಾಶಯದಿಂದ ಮೇಲಿನ ತಲಕಳಲೆ ಜಲಾಶಯಕ್ಕೆ ನೀರು ಎತ್ತಿ, ಸಂಜೆ ಇಳಿಸುವುದು. ಯಂತ್ರದ ಲೆಕ್ಕದಲ್ಲಿ ಒಳ್ಳೆಯದೇ, ಎತ್ತಲು ಹಾಕಿದ 100 ಯೂನಿಟ್‌ನಲ್ಲಿ 75ರಿಂದ 80 ವಾಪಸ್ ಬರುತ್ತದೆ. ಆದರೆ ಅದು ಸಿಂಗಳೀಕಗಳ ಕಾಡು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ ಬಿಟ್ಟವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅದೇ ಕಣಿವೆಯನ್ನು ಮತ್ತೆ ಕೊರೆಯುವುದು ನನಗೆ ಒಪ್ಪಿಗೆ ಇಲ್ಲ. ಬ್ಯಾಟರಿ ಬೆಲೆ ತುಂಬಾ ಇಳಿದಿದೆ. ಸಂಜೆಯ ಎರಡರಿಂದ ನಾಲ್ಕು ಗಂಟೆ ಅದು ಸಂಭಾಳಿಸುತ್ತದೆ. ಸಬ್‌ಸ್ಟೇಷನ್ ಪಕ್ಕದ ಖಾಲಿ ಜಾಗದಲ್ಲೇ ಇಡಬಹುದು, ಒಂದು ಮರವೂ ಬೀಳಬೇಕಾಗಿಲ್ಲ.

ಹಾಗಾಗಿ ‘ಇವತ್ತೇ ಮುಚ್ಚಿ’ ಅನ್ನಬೇಡಿ. ಮೊದಲು ಹಗಲಿನ ಕಲ್ಲಿದ್ದಲು ಇಳಿಸಿ, ಬ್ಯಾಟರಿ ಬಂದ ಹಾಗೆ ಸಂಜೆಯದನ್ನು ಇಳಿಸಿ, ಕೊನೆಗೆ ಯೂನಿಟ್ ಮುಚ್ಚಿ ಅನ್ನಿ. ಎದುರಿನವರು ಖಂಡಿತ 2023ನ್ನು ಎತ್ತುತ್ತಾರೆ. ಆ ವರ್ಷ ಮಳೆ ಕೈಕೊಟ್ಟಿತು, ಜಲಾಶಯ ತುಂಬಲಿಲ್ಲ, ರೈತರ ಪಂಪ್‌ಸೆಟ್‌ಗಳು ಬೇಸಗೆಗೆ ಕಾಯದೆ ಬೇಗನೇ ಶುರುವಾದವು. ರಾಜ್ಯದೊಳಗಿನ ಉತ್ಪಾದಕರು ಹೊರಗೆ ಕರೆಂಟ್ ಮಾರಬಾರದು ಅಂತ ಸರ್ಕಾರ ಆದೇಶ ಹೊರಡಿಸಬೇಕಾಯಿತು. ಆಗ ಹೇಳಿ: ಆ ವರ್ಷ ನೀರು ಕೈಕೊಟ್ಟಿತು, ಬಿಸಿಲು ಕೈಕೊಟ್ಟಿರಲಿಲ್ಲ. ಹಗಲಿನ ಪಂಪ್‌ಸೆಟ್ ಪೂರ್ತಿ ಸೋಲಾರ್ ಮೇಲೆ ಓಡಿದ್ದರೆ ಲಿಂಗನಮಕ್ಕಿಯಲ್ಲಿ ಇನ್ನೊಂದಿಷ್ಟು ನೀರು ಉಳಿಯುತ್ತಿತ್ತು.