ಫುಟ್‌ಬಾಲ್ ಆಟಗಾರರಿಗೆ ಮರೆವಿನ ಕಾಯಿಲೆ ಜಾಸ್ತಿ ಅಂತಾರೆ, ನಿಜಾನಾ? ಯಾಕೆ?

ನಿಜ. ಗ್ಲಾಸ್ಗೋ ವಿಶ್ವವಿದ್ಯಾಲಯದವರು ಸ್ಕಾಟ್ಲೆಂಡಿನ ಸುಮಾರು 7,700 ಮಾಜಿ ವೃತ್ತಿಪರ ಆಟಗಾರರ ದಾಖಲೆ ನೋಡಿದರು. ಡಿಮೆನ್ಷಿಯಾದಂಥ, ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಅಪಾಯ ಇವರಿಗೆ ಉಳಿದವರಿಗಿಂತ ಮೂರೂವರೆ ಪಟ್ಟು ಜಾಸ್ತಿ ಎಂದು 2019ರಲ್ಲಿ ಗೊತ್ತಾಯಿತು.

ಮಿದುಳು ತಲೆಬುರುಡೆಯೊಳಗೆ ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ಆಟಗಾರರು ಚೆಂಡನ್ನು ತಲೆಯಿಂದ ಹೊಡೆದಾಗ ಬುರುಡೆ ಗಕ್ಕನೆ ಅದುರುತ್ತದೆ, ಒಳಗಿನ ಮೆತ್ತನೆಯ ಮಿದುಳು ಅಲುಗಾಡಿ ನರದ ಎಳೆಗಳು ಜಗ್ಗುತ್ತವೆ. ಆ ಎಳೆಗಳಿಗೆ ಒಳಗಿಂದ ಆಧಾರ ಕೊಡುವ ಟೌ ಎಂಬ ಪ್ರೋಟೀನ್ ಕಳಚಿಕೊಂಡು ಗಂಟುಕಟ್ಟಬಹುದು. ಪ್ರಜ್ಞೆ ತಪ್ಪಿ ಬೀಳಲೇಬೇಕೆಂದಿಲ್ಲ. ವರ್ಷಗಟ್ಟಲೆ ಬೀಳುವ ಸಣ್ಣ ಪೆಟ್ಟುಗಳೇ ಸಾಕು ಅನ್ನುವುದು ಸಂಶೋಧಕರ ಬಲವಾದ ಅನುಮಾನ.

ಸುಮ್ನೆ ಅನುಮಾನವಲ್ಲ. ಅದೇ ತಂಡ 2021ರಲ್ಲಿ ನೋಡಿದಾಗ, ಎದುರಾಳಿಯ ದಾಳಿ ತಡೆಯಲು ಚೆಂಡನ್ನು ಹೆಚ್ಚಾಗಿ ತಲೆಯಿಂದ ಹೊಡೆಯುವ ಡಿಫೆಂಡರ್‌ಗಳಲ್ಲಿ ಅಪಾಯ ಸುಮಾರು ಐದು ಪಟ್ಟು ಇತ್ತು. ಗೋಲ್‌ಕೀಪರ್‌ಗಳದ್ದು ಹೆಚ್ಚುಕಡಿಮೆ ಸಾಮಾನ್ಯ ಜನರಷ್ಟೇ. ಅವರು ಚೆಂಡನ್ನು ಕೈಯಲ್ಲಿ ಹಿಡಿಯುತ್ತಾರೆ, ಅಲ್ವಾ?