ಪ್ರೊಸೆಸರ್ ಬದಲಾಯಿಸಿದ ಮೇಲೆ ಸರ್ವರ್ ತಾನಾಗಿಯೇ ರೀಸ್ಟಾರ್ಟ್

ಪ್ರಶ್ನೆ: ಮೇಡಂ, ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಅಕೌಂಟ್ಸ್ ಆಫೀಸು. ಐದು ಜನ ಒಂದೇ ಸರ್ವರ್ ಮೇಲೆ ಟ್ಯಾಲಿ ಕೆಲಸ ಮಾಡುತ್ತೇವೆ. ಹೋದ ತಿಂಗಳು ಅದರ ಐ3-12100 ಪ್ರೊಸೆಸರ್ ತೆಗೆಸಿ ಐ7-12700 ಹಾಕಿಸಿದೆವು. ಎರಡು ಹೊಸ ರ‍್ಯಾಮ್, ಎರಡು ಹಾರ್ಡ್ ಡಿಸ್ಕ್ ಕೂಡ ಸೇರಿಸಿದೆವು. ಆವತ್ತಿನಿಂದ ಹೊತ್ತುಗೊತ್ತಿಲ್ಲದೆ ರೀಸ್ಟಾರ್ಟ್ ಆಗುತ್ತಿದೆ. ರಾತ್ರಿ ಬ್ಯಾಕಪ್ ಶುರುವಾದಾಗ ಜಾಸ್ತಿ. ನೀಲಿ ಪರದೆ ಬರುವುದಿಲ್ಲ. ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಅಂತ ಬರುತ್ತದೆ. ಪವರ್ ಸಪ್ಲೈ ಹಳೆಯದೇ, 450 ವಾಟ್. ಯುಪಿಎಸ್ 600 ವಿಎ. ವಿಂಡೋಸ್ ಹೊಸದಾಗಿ ಹಾಕೋಣ ಅಂತಾರೆ ಅಂಗಡಿಯವರು. 20ನೇ ತಾರೀಖಿಗೆ ಜಿಎಸ್‌ಟಿ ರಿಟರ್ನ್ ಇದೆ. ಏನು ಮಾಡಲಿ?

ಉತ್ತರ: ಮೊದಲು ಟ್ಯಾಲಿ ಡೇಟಾವನ್ನು ಬೇರೆ ಕಂಪ್ಯೂಟರಿಗೆ ಕಾಪಿ ಮಾಡಿ, ಅಲ್ಲಿ ತೆರೆದು ನೋಡಿ. ಮಿಕ್ಕಿದ್ದೆಲ್ಲ ಆಮೇಲೆ. ಎಂಟ್ರಿ ಹಾಕುತ್ತಿರುವಾಗಲೇ ಮಷಿನ್ ಆಫ್ ಆದರೆ ಡೇಟಾ ಕೆಡುವ ಭಯ ಇದ್ದೇ ಇದೆ. ನಿಮ್ಮ ಹತ್ತಿರ ಇರುವುದು ಊರವರ ಲೆಕ್ಕ, ಅಲ್ವಾ? 20ನೇ ತಾರೀಖಿನವರೆಗೆ ಆ ಇನ್ನೊಂದು ಕಂಪ್ಯೂಟರಿನಲ್ಲೇ ಕೆಲಸ ನಡೆಸಿದರೆ ಇನ್ನೂ ಒಳ್ಳೆಯದು.

ವಿಂಡೋಸ್ ಸದ್ಯಕ್ಕೆ ಮುಟ್ಟಬೇಡಿ. 41 ಅಂದರೆ ‘ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು’ ಅಂತ ಅಷ್ಟೇ. ಕಾರಣ ಏನೆಂದು ಅದು ಹೇಳುವುದಿಲ್ಲ. ಆ ಎಂಟ್ರಿಯ ‘ಡೀಟೇಲ್ಸ್’ ಒಳಗೆ ‘ಬಗ್‌ಚೆಕ್ ಕೋಡ್’ ನೋಡಿ. ಸೊನ್ನೆ ಇದ್ದರೆ ಕ್ರ್ಯಾಶ್ ಬರೆದುಕೊಳ್ಳುವಷ್ಟು ಸಮಯವೂ ವಿಂಡೋಸ್‌ಗೆ ಸಿಕ್ಕಿಲ್ಲ. ಹೆಚ್ಚಾಗಿ ಕರೆಂಟಿನ ಕಡೆ ಹುಡುಕಬೇಕು. ಬೇರೆ ಅಂಕಿ ಇದ್ದರೆ ರ‍್ಯಾಮ್ ಅಥವಾ ಡ್ರೈವರ್ ಮೇಲೆ ಅನುಮಾನ. ಹಾಗೆಯೇ ‘ಸ್ಟಾರ್ಟಪ್ ಅಂಡ್ ರಿಕವರಿ’ಯಲ್ಲಿ ಆಟೋಮ್ಯಾಟಿಕ್ ರೀಸ್ಟಾರ್ಟ್‌ನ ಟಿಕ್ ತೆಗೆದುಬಿಡಿ. ಅದು ಇದ್ದರೆ ನೀಲಿ ಪರದೆ ಬಂದರೂ ಕಣ್ಣಿಗೆ ಬೀಳದೆ ಹೋಗಬಹುದು.

ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ರಾತ್ರಿಯ ಬ್ಯಾಕಪ್. ಆಗ ಪ್ರೊಸೆಸರ್, ಡಿಸ್ಕ್ ಎಲ್ಲ ಒಟ್ಟಿಗೆ ದುಡಿಯುತ್ತವೆ. ನಿಮ್ಮ ಹಳೆಯ ಐ3 ಎಷ್ಟೇ ಓಡಿದರೂ 89 ವಾಟ್‌ನಲ್ಲಿ ನಿಲ್ಲುತ್ತಿತ್ತು. ಹೊಸ ಐ7ರ ವಿವರದಲ್ಲಿ 65 ವಾಟ್ ಅಂತ ಬರೆದಿರುತ್ತಾರೆ, ಆದರೆ ಟರ್ಬೊದಲ್ಲಿ, ಅಂದರೆ ಪೂರ್ತಿ ವೇಗಕ್ಕೆ ಏರಿದಾಗ, ಅದು 180 ವಾಟ್‌ವರೆಗೆ ಎಳೆಯುತ್ತದೆ. ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ ಒಂದೊಂದೂ ಸುಮಾರು 20 ವಾಟ್ ಮೇಲೆ ಕೇಳುತ್ತದೆ. ಲೆಕ್ಕದ ಪ್ರಕಾರ 450 ವಾಟ್ ಸಾಕು. ಆದರೆ ಪವರ್ ಸಪ್ಲೈ ಲೇಬಲ್ಲಿನಲ್ಲಿ ಪ್ರೊಸೆಸರಿಗೆ ಕರೆಂಟು ಕೊಡುವ 12 ವೋಲ್ಟ್ ಸಾಲನ್ನು ಓದಿ. ಅಲ್ಲಿ 25 ಆಂಪಿಯರ್ ಇದ್ದರೆ ನಿಮಗೆ ನಿಜವಾಗಿ ಸಿಗುವುದು 300 ವಾಟ್. ಬಿಸಿಗೆ ವರ್ಷಗಟ್ಟಲೆ ಬೆಂದ ಅದರೊಳಗಿನ ಕೆಪಾಸಿಟರ್‌ಗಳು ಅಷ್ಟನ್ನೂ ಕೊಡಲಾರವು. ಇಷ್ಟು ದಿನ ಸುಮ್ನೆ ನಡೆದುಕೊಂಡು ಹೋಗುತ್ತಿತ್ತು, ಹೊಸ ಪ್ರೊಸೆಸರ್ ಬಂದ ಮೇಲೆ ಹಳೆಯ ಪವರ್ ಸಪ್ಲೈಯ ಬಂಡವಾಳ ಬಯಲಾಗಿದೆ ಅಂತ ನನ್ನ ಅಂದಾಜು.

ಹಾಗಂತ ಇವತ್ತೇ ಮುಂಬೈಯ ಕಂಪ್ಯೂಟರ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡಿಗೆ ಓಡಬೇಡಿ. ಪ್ಲಗ್ ತೆಗೆದು ಡಬ್ಬ ಬಿಚ್ಚಿ. ಮದರ್‌ಬೋರ್ಡಿನ ಮೇಲಿನ ಮೂಲೆಯಲ್ಲಿ ಪ್ರೊಸೆಸರಿಗೆ ಕರೆಂಟು ಕೊಡುವ ಎಂಟು ಪಿನ್ನಿನ ಕನೆಕ್ಟರ್ ಇರುತ್ತದೆ. ಎಷ್ಟೋ ಕಡೆ ಅದಕ್ಕೆ ನಾಲ್ಕು ಪಿನ್ನಿನ ವೈರ್ ಮಾತ್ರ ಸಿಕ್ಕಿಸಿರುತ್ತಾರೆ, ಇಲ್ಲವೇ ಲಾಕ್ ‘ಟಕ್’ ಅಂತ ಕೂತಿರುವುದಿಲ್ಲ. ಆಮೇಲೆ ಡಿಸ್ಕುಗಳ ಹತ್ತಿರ ಬನ್ನಿ. ಒಂದು ವೈರಿಗೆ ಕವಲು ಜೋಡಿಸಿ ಎರಡು ಡಿಸ್ಕಿಗೆ ಎಳೆದಿದ್ದಾರಾ? ಆ ಕನೆಕ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಸುಟ್ಟ ವಾಸನೆ ಬಂದರೆ, ಅದನ್ನು ಮತ್ತೆ ಹಾಕಲೇಬೇಡಿ. ಬೆಂಕಿಯ ಅಪಾಯ.

ಯುಪಿಎಸ್ ವಿಷಯಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಮಾನಿಟರನ್ನೂ ಅದಕ್ಕೇ ಜೋಡಿಸಿ. ರೀಸ್ಟಾರ್ಟ್ ಆಗುವಾಗ ಮಾನಿಟರಿನ ದೀಪವೂ ಆರಿದರೆ ತೊಂದರೆ ಯುಪಿಎಸ್‌ನದ್ದೋ ಹೊರಗಿನ ವೈರಿನದ್ದೋ. ದೀಪ ಇದ್ದು ‘ನೋ ಸಿಗ್ನಲ್’ ಬಂದರೆ ಸರ್ವರ್ ಡಬ್ಬದೊಳಗೇ ನೋಡಿ. ಸಾಮಾನ್ಯವಾಗಿ 600 ವಿಎ ಯುಪಿಎಸ್ ಕೊಡುವುದು 360 ವಾಟ್. ನಿಮ್ಮ ಹೊಸ ಸರ್ವರಿಗೆ ಅದು ತೀರಾ ಬಿಗಿ.

ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86+ ಉಚಿತವಾಗಿ ಸಿಗುತ್ತದೆ. ಪೆನ್ ಡ್ರೈವಿನಿಂದ ಬೂಟ್ ಮಾಡಿ ರಾತ್ರಿಯಿಡೀ ಬಿಡಿ. ಒಂದೇ ಒಂದು ಕೆಂಪು ಸಾಲು, ಅಂದರೆ ತಪ್ಪು, ಬಂದರೂ ಒಪ್ಪಬೇಡಿ. ಮದರ್‌ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚಿಸುವ ಸೆಟ್ಟಿಂಗ್) ಆಫ್ ಮಾಡಿ ನೋಡಿ, ಹೊಸ ಜೋಡಿ ತೆಗೆದು ಹಳೆಯದರಲ್ಲಷ್ಟೇ ನಡೆಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಇಷ್ಟಕ್ಕೂ ನಿಲ್ಲದಿದ್ದರೆ ಅಂಗಡಿಯವರಿಂದ ಒಳ್ಳೆಯ 550 ವಾಟ್ ಪವರ್ ಸಪ್ಲೈ ಒಂದೆರಡು ದಿನದ ಮಟ್ಟಿಗೆ ಕೇಳಿ ಹಾಕಿ ನೋಡಿ. ವಿಂಡೋಸ್ ಅಳಿಸುವುದಕ್ಕಿಂತ ಈ ಉಪಕಾರ ದೊಡ್ಡದು ಅಂತ ಅವರಿಗೂ ಹೇಳಿ. ಕೊಳ್ಳುವಾಗ 80 ಪ್ಲಸ್ ಗುರುತೊಂದನ್ನೇ ನೆಚ್ಚಬೇಡಿ. ಕರೆಂಟು ಎಷ್ಟು ಪೋಲಾಗುತ್ತದೆ ಅನ್ನುವುದನ್ನಷ್ಟೇ ಅದು ಹೇಳುತ್ತದೆ.

ಪ್ರಶ್ನೆ: ಪುಣೆಯಲ್ಲಿ ನಮ್ಮ ಸಂಘದ ಲೈಬ್ರರಿಗೆ ಹಳೆಯ ಸರ್ವರ್ ತಂದೆವು. ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ ಸರಿಯಾಗಿ ಐದೈದು ನಿಮಿಷಕ್ಕೆ ರೀಸ್ಟಾರ್ಟ್ ಆಗುತ್ತಿದೆ. ಇದೂ ಪವರ್ ಸಪ್ಲೈಯಾ?

ಉತ್ತರ: ಅನ್ನಿಸುವುದಿಲ್ಲ. ಕೆಟ್ಟ ಪವರ್ ಸಪ್ಲೈ ಗಡಿಯಾರ ನೋಡಿಕೊಂಡು ಕೈಕೊಡುವುದಿಲ್ಲ. ಬಯೋಸ್‌ನಲ್ಲಿ ‘ವಾಚ್‌ಡಾಗ್ ಟೈಮರ್’ ಹುಡುಕಿ. ಅದು ಆನ್ ಆಗಿದ್ದು, ‘ನಾನು ಸರಿಯಾಗಿದ್ದೇನೆ’ ಅಂತ ಆಪರೇಟಿಂಗ್ ಸಿಸ್ಟಂ ಕಡೆಯಿಂದ ಸೂಚನೆ ಬಾರದಿದ್ದರೆ ಬೋರ್ಡು ತಾನೇ ರೀಸೆಟ್ ಮಾಡುತ್ತದೆ. ಆಫ್ ಮಾಡಿ ನೋಡಿ. ಕೆಲವು ಸರ್ವರ್ ಬೋರ್ಡುಗಳಲ್ಲಿ ಇದಕ್ಕೆ ಜಂಪರ್ (ಪಿನ್ನುಗಳ ಮೇಲೆ ಕೂರಿಸುವ ಪುಟ್ಟ ಕ್ಲಿಪ್) ಕೂಡ ಇರುತ್ತದೆ.